‘ಸಂಪೂರ್ಣ’ ಎಂದು ಮಾರುವ ಲೆಪರ್ಡ್ ಗೆಕ್ಕೋ ಕಿಟ್‌ನಲ್ಲಿ ಏನಿದೆ, ಏನಿಲ್ಲ

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಮ್ಮ ಮನೆಯಲ್ಲಿ ಲೆಪರ್ಡ್ ಗೆಕ್ಕೋ ಎಂಬ ಜಾತಿಯ ಒಂದು ಸಾಕು ಹಲ್ಲಿ ಇದೆ. ಒಂಬತ್ತು ವರ್ಷದ ಮಗಳು ಬಹಳ ದಿನಗಳಿಂದ ಕೇಳುತ್ತಿದ್ದುದಕ್ಕೆ ಒಪ್ಪಿ ನಾವು ಸಾಕಿದ ಮೊದಲ ಪ್ರಾಣಿ ಅದು. ಅದಕ್ಕಿಂತ ಹತ್ತು ದಿನ ಮೊದಲು ಮನೆಗೆ ಬಂದದ್ದು ಅದರ ‘ಸಂಪೂರ್ಣ ಸ್ಟಾರ್ಟರ್ ಕಿಟ್’. ಒಂದೂವರೆ ವರ್ಷದ ಅನುಭವದ ನಂತರ ಬರೆಯುತ್ತಿರುವ ಈ ವಿಮರ್ಶೆ ಆ ಕಿಟ್ಟಿನದು. ತಯಾರಕರ ಹೆಸರನ್ನು ನಾನು ಬರೆಯುತ್ತಿಲ್ಲ. ಬೇರೆ ಬೇರೆ ಹೆಸರುಗಳಲ್ಲಿ ಸಿಗುವ ಇಂಥ ಪೆಟ್ಟಿಗೆಗಳನ್ನು ಆಮೇಲೆ ಅಂಗಡಿಗಳಲ್ಲಿ ಗಮನವಿಟ್ಟು ನೋಡಿದಾಗ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ ಆಗಿತ್ತು. ಆದ್ದರಿಂದ ನನ್ನ ದೂರು ಒಂದು ಕಂಪನಿಯ ಮೇಲಲ್ಲ, ಹೀಗೆ ಒಟ್ಟುಗೂಡಿಸಿ ಮಾರುವ ಪದ್ಧತಿಯ ಮೇಲೆ.

ನಾವು ಕೊಟ್ಟ ಬೆಲೆ 135 ಪೌಂಡ್. ಅಷ್ಟಕ್ಕೆ ಬಂದದ್ದು 60 ಸೆಂ.ಮೀ. ಉದ್ದದ ಗಾಜಿನ ಪೆಟ್ಟಿಗೆ, ಅದರ ತಳಕ್ಕೆ ಅಂಟಿಸುವ ಒಂದು ಹೀಟ್ ಮ್ಯಾಟ್ (ವಿದ್ಯುತ್ತಿನಿಂದ ಬಿಸಿಯಾಗುವ ಹಾಸು), ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್, ನಾಲ್ಕು ಕಿಲೋ ಕ್ಯಾಲ್ಸಿಯಂ ಮರಳು, ಅಡಗಿ ಕೂರಲು ಕಲ್ಲಿನ ಆಕಾರದ ಒಂದು ಗೂಡು, ನೀರಿನ ಬಟ್ಟಲು, ಪ್ಲಾಸ್ಟಿಕ್ ಗಿಡ ಮತ್ತು ಎಂಟು ಪುಟಗಳ ಕೈಪಿಡಿ. ನೋಡಲು ಅಚ್ಚುಕಟ್ಟಾಗಿತ್ತು. ಮಾರಿದ ಅಂಗಡಿಯವರು ಅದೇ ದಿನ ಹಲ್ಲಿಯನ್ನೂ ಕೊಡಲು ಸಿದ್ಧರಿದ್ದರು. ಮಗಳ ಶಾಲಾ ರಜೆ ಆರಂಭವಾಗುವವರೆಗೆ ಕಾಯೋಣವೆಂದು ನಾವು ಪೆಟ್ಟಿಗೆಯನ್ನು ಮಾತ್ರ ತಂದೆವು. ಆ ತಡ ನಮ್ಮ ಪಾಲಿಗೆ ಒಳ್ಳೆಯದಾಯಿತು.

ರಜೆ ಬಂದಾಗ ಹಲ್ಲಿಗಾಗಿ ಬೇರೊಂದು ಅಂಗಡಿಗೆ ಹೋದೆವು. ಸರೀಸೃಪಗಳನ್ನಷ್ಟೇ ಇಟ್ಟುಕೊಂಡಿರುವ ಚಿಕ್ಕ ಅಂಗಡಿ ಅದು. ಅಲ್ಲಿನವರು ಹಲ್ಲಿಯನ್ನು ತೋರಿಸುವ ಮೊದಲು ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: “ಬೆಚ್ಚಗಿನ ತುದಿಯ ನೆಲದಲ್ಲಿ ಎಷ್ಟು ಡಿಗ್ರಿ ಇದೆ?” ಗಾಜಿನ ಮೇಲಿನ ಥರ್ಮಾಮೀಟರ್ 26 ತೋರಿಸುತ್ತಿದೆ ಎಂದೆವು. ಅದು ಗೋಡೆಯ ಪಕ್ಕದ ಗಾಳಿಯ ಲೆಕ್ಕ, ಹಲ್ಲಿಯ ಹೊಟ್ಟೆ ತಾಗುವುದು ನೆಲಕ್ಕೆ ಎಂದು ಹೇಳಿ, ಗುರಿಯಿಟ್ಟರೆ ಮೇಲ್ಮೈಯ ಶಾಖ ತೋರಿಸುವ ಇನ್ಫ್ರಾರೆಡ್ ಥರ್ಮಾಮೀಟರ್ ಒಂದನ್ನು 15 ಪೌಂಡಿಗೆ ಕೊಟ್ಟು, ಮೂರು ದಿನ ಬೆಳಗ್ಗೆ ಸಂಜೆ ಅಳೆದು ಬರೆದುಕೊಂಡು ಬನ್ನಿ ಎಂದು ನಮ್ಮನ್ನು ಬರಿಗೈಯಲ್ಲಿ ಕಳುಹಿಸಿದರು. ಮನೆಗೆ ಬಂದು ಮರಳನ್ನು ಸರಿಸಿ ಅಳೆದಾಗ ಗಾಜಿನ ತಳ 43 ಡಿಗ್ರಿ ಸೆಲ್ಸಿಯಸ್ ಇತ್ತು. ಅದೇ ಹೊತ್ತಿಗೆ ಮುಳ್ಳಿನ ಥರ್ಮಾಮೀಟರ್ 26ರಲ್ಲೇ ನಿಂತಿತ್ತು.

ಕಿಟ್ಟಿನ ದೊಡ್ಡ ಕೊರತೆ ಇದೇ: ಶಾಖ ಕೊಡುವ ಉಪಕರಣವಿದೆ, ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟ್ಯಾಟ್ ಇಲ್ಲ. ಹಲ್ಲಿ ತನ್ನ ಮೈಯ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳಲಾರದು. ಬೆಚ್ಚಗಿನ ಜಾಗಕ್ಕೆ ಹೋಗಿ ಕಾಯಿಸಿಕೊಂಡು, ಸಾಕೆನಿಸಿದಾಗ ತಣ್ಣನೆಯ ಜಾಗಕ್ಕೆ ಸರಿಯುವುದೇ ಅದು ಬದುಕುವ ರೀತಿ, ಮತ್ತು ತಿಂದ ಹುಳು ಜೀರ್ಣವಾಗುವುದೂ ಆ ಶಾಖದಿಂದಲೇ. ಬೆಚ್ಚಗಿನ ತುದಿಯ ಮೇಲ್ಮೈ ಸುಮಾರು 32 ಡಿಗ್ರಿ, ತಣ್ಣನೆಯ ತುದಿ 24ರ ಆಸುಪಾಸು ಇದ್ದರೆ ಲೆಪರ್ಡ್ ಗೆಕ್ಕೋಗೆ ಈ ಓಡಾಟ ಸಾಧ್ಯವಾಗುತ್ತದೆ. ನಿಯಂತ್ರಣವಿಲ್ಲದ ಮ್ಯಾಟ್ ವಿದ್ಯುತ್ ಇರುವಷ್ಟು ಹೊತ್ತೂ ಕಾಯುತ್ತಲೇ ಇರುತ್ತದೆ, ಮೇಲೆ ಹಾಸಿದ ಮರಳು ಆ ಶಾಖವನ್ನು ತಡೆದು ತಳದಲ್ಲೇ ಹಿಡಿದಿಡುತ್ತದೆ, ಅಗೆಯುವ ಸ್ವಭಾವದ ಹಲ್ಲಿ ಮರಳನ್ನು ಕೆದರಿ ನೇರವಾಗಿ ಸುಡುವ ಗಾಜಿನ ಮೇಲೆ ಮಲಗುತ್ತದೆ. ಬಿಸಿ ಹೆಚ್ಚಾದರೆ ತಾನೇ ಎದ್ದು ಹೋಗುತ್ತದೆ ಎಂದು ನಂಬಿ ಕೂರುವಂತಿಲ್ಲ. ಹೊಟ್ಟೆ ಸುಟ್ಟುಕೊಂಡ ಹಲ್ಲಿಗಳು ಪಶುವೈದ್ಯರ ಬಳಿಗೆ ಬರುವುದು ಹೀಗೆಯೇ. ಥರ್ಮೋಸ್ಟ್ಯಾಟ್ ಇಲ್ಲದ ಯಾವ ಕಿಟ್ಟನ್ನೂ ‘ಸಂಪೂರ್ಣ’ ಎಂದು ಕರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮರಳಿನ ವಿಷಯ. ತಿಂದರೂ ಕ್ಯಾಲ್ಸಿಯಂ ಸಿಗುತ್ತದೆ ಎಂದು ಚೀಲದ ಮೇಲೆ ಬರೆದಿತ್ತು. ಮರಿ ಹಲ್ಲಿ ಹುಳುವಿನ ಮೇಲೆ ಎರಗುವಾಗ ಮರಳೂ ಬಾಯಿಗೆ ಹೋಗುತ್ತದೆ, ಅದು ಕರುಳಿನಲ್ಲಿ ಕಟ್ಟಿಕೊಂಡರೆ ಪ್ರಾಣಕ್ಕೇ ಅಪಾಯ. ನಾವು ಮೊದಲ ಎರಡು ತಿಂಗಳು ಅಡುಗೆಮನೆಯ ಪೇಪರ್ ಟವೆಲನ್ನೇ ಹಾಸಿದೆವು. ಅದರಿಂದ ಇನ್ನೊಂದು ಉಪಯೋಗವೂ ಆಯಿತು: ಹೊಸ ಹಲ್ಲಿ ಎಷ್ಟು ತಿಂದಿತು, ಹಿಕ್ಕೆ ಗಟ್ಟಿಯಾಗಿದೆಯೇ ಎಂಬುದು ಬಿಳಿ ಕಾಗದದ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಹಲ್ಲಿ ಬೆಳೆದು ಆರೋಗ್ಯವಾಗಿದೆ ಎಂದು ಖಾತ್ರಿಯಾದ ಮೇಲೆ ಗೊಬ್ಬರ ಬೆರೆಸದ ತೋಟದ ಮಣ್ಣು ಮುಕ್ಕಾಲು ಪಾಲು, ಮಕ್ಕಳ ಆಟದ ತೊಳೆದ ಮರಳು ಕಾಲು ಪಾಲು ಬೆರೆಸಿ, ಒದ್ದೆ ಮಾಡಿ, ಒತ್ತಿ ಒಣಗಿಸಿ ಹಾಸಿದ್ದೇವೆ. ಅದು ಗಟ್ಟಿಯಾಗಿ ನಿಲ್ಲುತ್ತದೆ.

ಗೂಡು ಒಂದೇ ಇದ್ದುದು ಸಣ್ಣ ವಿಷಯವೆಂದು ಮೊದಲು ಅನ್ನಿಸಿತ್ತು. ಒಂದೇ ಅಡಗುತಾಣವಿದ್ದರೆ ಹಲ್ಲಿ ಬೆಚ್ಚಗಿರುವುದನ್ನೋ ಅಡಗಿರುವುದನ್ನೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಬೆಚ್ಚಗಿನ ತುದಿಗೊಂದು, ತಣ್ಣನೆಯ ತುದಿಗೊಂದು, ನಡುವೆ ಒದ್ದೆ ಪಾಚಿ ತುಂಬಿದ ಮುಚ್ಚಳದ ಡಬ್ಬಿಯೊಂದು, ಹೀಗೆ ಕನಿಷ್ಠ ಮೂರು ಬೇಕು. ಆ ಒದ್ದೆ ಡಬ್ಬಿ ಪೊರೆ ಕಳಚುವ ಕಾಲಕ್ಕೆ. ಬಣ್ಣ ಮಂಕಾಗಿ, ಮೈಯೆಲ್ಲ ಬೂದಿ ಬಳಿದಂತಾದ ಹಲ್ಲಿ ಅಲ್ಲಿ ಹೊಕ್ಕು, ಪೊರೆಯನ್ನು ಬಾಯಿಂದ ಎಳೆದು ತೆಗೆದು ತಿಂದುಬಿಡುತ್ತದೆ. ತೇವ ಸಾಲದಿದ್ದರೆ ಬೆರಳುಗಳ ತುದಿಯಲ್ಲಿ ಪೊರೆ ಉಂಗುರದಂತೆ ಉಳಿದು, ರಕ್ತ ಹರಿಯುವುದನ್ನು ತಡೆದು, ಕಾಲಕ್ರಮೇಣ ಬೆರಳೇ ಉದುರುತ್ತದೆ. ನಾವು ಪ್ರತಿ ಸಲ ಪೊರೆ ಕಳಚಿದ ಮರುದಿನ ಭೂತಗನ್ನಡಿ ಹಿಡಿದು ಬೆರಳುಗಳನ್ನು ಎಣಿಸುತ್ತೇವೆ. ಮಗಳು ಈ ಕೆಲಸವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಬೆಳಕಿನ ಬಗ್ಗೆ ಕೈಪಿಡಿಯಲ್ಲಿ ಒಂದೇ ವಾಕ್ಯವಿತ್ತು: ಇದು ರಾತ್ರಿ ಸಂಚರಿಸುವ ಪ್ರಾಣಿ, ಆದ್ದರಿಂದ ದೀಪ ಬೇಡ. ಲೆಪರ್ಡ್ ಗೆಕ್ಕೋ ಹೆಚ್ಚು ಚುರುಕಾಗಿರುವುದು ಮುಂಜಾವು ಮತ್ತು ಮುಸ್ಸಂಜೆಯಲ್ಲಿ. ಹಗಲಲ್ಲೂ ಅದು ಆಗಾಗ ಗೂಡಿನ ಬಾಯಲ್ಲಿ ಬಾಲವನ್ನೋ ಕಾಲನ್ನೋ ಚಾಚಿ ಮಲಗುತ್ತದೆ. ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗಲು ಬೇಕಾದ, ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣ ಅದಕ್ಕೆ ಸ್ವಲ್ಪವೇ ಸಾಕು, ಆದರೆ ಸ್ವಲ್ಪ ಬೇಕು. ನಾವು ಆರ್ಕೇಡಿಯಾ ಕಂಪನಿಯ ‘ಶೇಡ್‌ಡ್ವೆಲ್ಲರ್’ ಎಂಬ ಶೇಕಡಾ 7 ಯುವಿಬಿಯ ಟ್ಯೂಬನ್ನು ಪೆಟ್ಟಿಗೆಯ ಒಳಮೇಲ್ಭಾಗಕ್ಕೆ ಅಳವಡಿಸಿದ್ದೇವೆ. ನೆರಳಿನಲ್ಲಿ ಬದುಕುವ ಪ್ರಾಣಿಗಳಿಗೆಂದೇ ಮಾಡಿದ ಈ ದೀಪದಿಂದ ನನಗೆ ಪೂರ್ಣ ತೃಪ್ತಿ ಇದೆ. ಸಾಮಾನ್ಯ ಗಾಜು ಯುವಿಬಿಯನ್ನು ತಡೆಯುವುದರಿಂದ ಕಿಟಕಿಯ ಬಿಸಿಲು ಇದಕ್ಕೆ ಬದಲಿಯಾಗದು. ಇಂಥ ದೀಪ ಉರಿಯುತ್ತಿದ್ದರೂ ಅದರ ಯುವಿಬಿ ಕ್ಷೀಣಿಸುತ್ತ ಹೋಗುವುದರಿಂದ ವರ್ಷಕ್ಕೊಮ್ಮೆ ಟ್ಯೂಬ್ ಬದಲಾಯಿಸಬೇಕು.

ಇನ್ನು ಹಲ್ಲಿಯ ಆಯ್ಕೆ. ಮಗಳಿಗೆ ಮೊದಲು ಹಿಡಿಸಿದ್ದು ಆಸ್ಟ್ರೇಲಿಯಾ ಮೂಲದ ಬಿಯರ್ಡೆಡ್ ಡ್ರ್ಯಾಗನ್. ಅದು ಮನುಷ್ಯರೊಂದಿಗೆ ಚೆನ್ನಾಗಿ ಹೊಂದಿಕೊಳ್ಳುವ ಪ್ರಾಣಿಯೇ. ಆದರೆ 120 ಸೆಂ.ಮೀ. ಉದ್ದದ ಮನೆ, 40 ಡಿಗ್ರಿಯಷ್ಟು ಕಾಯುವ ಜಾಗ, ಪ್ರಖರ ಯುವಿಬಿ, ಹುಳುವಿನ ಜೊತೆಗೆ ಪ್ರತಿದಿನ ಸೊಪ್ಪು, ಇಷ್ಟು ನಮ್ಮ ಚಿಕ್ಕ ಮನೆಗೆ ಭಾರವಾಗುತ್ತಿತ್ತು. ಹಸಿರು ಇಗ್ವಾನಾವಂತೂ ಬಾಲ ಸೇರಿ ಒಂದೂವರೆ ಮೀಟರಿಗೂ ಮೀರಿ ಬೆಳೆಯುತ್ತದೆ. ಅಂಗೈಯಲ್ಲಿ ಕೂರುವ ಹಸಿರು ಮರಿಯನ್ನು ನೋಡಿ ಯಾರೂ ಮೋಹಗೊಳ್ಳಬಾರದು. ಲೆಪರ್ಡ್ ಗೆಕ್ಕೋ 20ರಿಂದ 25 ಸೆಂ.ಮೀ. ದಾಟುವುದು ಕಡಿಮೆ. ಆಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ಭಾರತದ ವಾಯವ್ಯದ ಒಣ ಕಲ್ಲುನೆಲದ ಜೀವಿಯಾದ್ದರಿಂದ ಮನೆಯ ತೇವಾಂಶದಲ್ಲೇ ಹೊಂದಿಕೊಳ್ಳುತ್ತದೆ. ಆದರೆ 15ರಿಂದ 20 ವರ್ಷ ಬದುಕುತ್ತದೆ. ಮಗಳು ಕಾಲೇಜಿಗೆ ಹೋದ ಮೇಲೆ ಇದನ್ನು ನೋಡಿಕೊಳ್ಳುವವರು ನಾವೇ ಎಂದು ನಾನೂ ನನ್ನ ಯಜಮಾನರೂ ಒಪ್ಪಿಕೊಂಡ ಮೇಲೆಯೇ ಮುಂದುವರಿದದ್ದು. ಈ ದೇಶದಲ್ಲಿ ಹದಿನಾರು ವರ್ಷದೊಳಗಿನವರಿಗೆ ಪ್ರಾಣಿಯನ್ನು ಮಾರುವುದು 2006ರ ಪ್ರಾಣಿ ಕಲ್ಯಾಣ ಕಾಯ್ದೆಯ ಪ್ರಕಾರ ಅಪರಾಧ, ಆದ್ದರಿಂದ ಹೊಣೆ ಕಾನೂನಿನಲ್ಲೂ ಹಿರಿಯರದೇ.

ಆ ಚಿಕ್ಕ ಅಂಗಡಿಯ ಗೋಡೆಯಲ್ಲಿ ಸ್ಥಳೀಯ ಕೌನ್ಸಿಲ್ ಕೊಟ್ಟ ಪರವಾನಗಿ ಎಲ್ಲರಿಗೂ ಕಾಣುವಂತಿತ್ತು. ಮೂರು ದಿನದ ಅಳತೆಯ ಚೀಟಿಯನ್ನು ಓದಿ, ನಾವು ಥರ್ಮೋಸ್ಟ್ಯಾಟ್ ಕೊಂಡು ಶಾಖ ಸರಿಪಡಿಸಿದ್ದನ್ನು ಖಚಿತಪಡಿಸಿಕೊಂಡ ಮೇಲೆ ಅವರು ಮರಿಗಳನ್ನು ತೋರಿಸಿದರು. ಬಾಲವನ್ನು ಮೊದಲು ನೋಡಿ ಎಂದರು: ಕೊಬ್ಬು ಕೂಡಿಡುವ ಉಗ್ರಾಣ ಅದು, ಕುತ್ತಿಗೆಯಷ್ಟಾದರೂ ದಪ್ಪವಿರಬೇಕು, ಕಡ್ಡಿಯಂತಿದ್ದರೆ ಹಲ್ಲಿ ಹಸಿದಿದೆ ಅಥವಾ ಕ್ರಿಪ್ಟೋಸ್ಪೊರಿಡಿಯಂನಂಥ ಕರುಳಿನ ಸೋಂಕಿದೆ. ಕಣ್ಣು ಪೂರ್ತಿ ತೆರೆದು ಹೊಳೆಯುತ್ತಿರಬೇಕು, ಬೆರಳುಗಳೆಲ್ಲ ಇರಬೇಕು, ಮಲದ್ವಾರ ಒಣಗಿ ಶುಭ್ರವಾಗಿರಬೇಕು, ನಡೆಯುವಾಗ ಹೊಟ್ಟೆಯನ್ನು ನೆಲದಿಂದ ಎತ್ತಿ ನಡೆಯಬೇಕು. ನಮ್ಮ ಕಣ್ಣೆದುರೇ ಅದು ಎರಡು ಮಿಡತೆ ತಿಂದಿತು.

ಬಣ್ಣದ ತಳಿಗಳ ವಿಷಯದಲ್ಲಿ ಅವರು ತೋರಿದ ನಿಷ್ಠುರತೆ ನನಗೆ ಬಹಳ ಹಿಡಿಸಿತು. ‘ಎನಿಗ್ಮಾ’ ತಳಿಯ ಹಲ್ಲಿಗಳಿಗೆ ನರದೌರ್ಬಲ್ಯವಿದ್ದು, ತಲೆ ವಾಲಿಸಿಕೊಂಡು ಸುತ್ತಿದಲ್ಲೇ ಸುತ್ತುವುದುಂಟು. ‘ಲೆಮನ್ ಫ್ರಾಸ್ಟ್’ ಎಂಬ ನಿಂಬೆ ಬಣ್ಣದ ತಳಿಯ ಹೊಳಪಿಗೂ ಚರ್ಮದ ಗೆಡ್ಡೆಗಳಿಗೂ ಒಂದೇ ವಂಶವಾಹಿ ಕಾರಣವೆಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು. ಅವೆರಡನ್ನೂ ನಾವು ಇಡುವುದಿಲ್ಲ, ನೀವು ಬೇರೆಡೆಯೂ ಕೊಳ್ಳಬೇಡಿ ಎಂದು ಅಂಗಡಿಯವರು ಹೇಳಿದರು. ಕಾಡಿನಲ್ಲಿರುವಂತೆಯೇ ಹಳದಿ ಮೈಮೇಲೆ ಕಪ್ಪು ಚುಕ್ಕೆಗಳಿದ್ದ ಸಾದಾ ಮರಿಯನ್ನು, ಒಂದನ್ನೇ, ನಾವು ತಂದೆವು. ಎರಡು ಗಂಡುಗಳನ್ನು ಒಟ್ಟಿಗೆ ಇಟ್ಟರೆ ಗಾಯವಾಗುವಂತೆ ಕಾದಾಡುತ್ತವೆ. ಒಂಟಿಯಾಗಿರುವುದರಿಂದ ಈ ಹಲ್ಲಿಗೆ ಬೇಸರವಾಗುವುದಿಲ್ಲ.

ಆಹಾರಕ್ಕೆ ಜೀವಂತ ಹುಳುಗಳೇ ಬೇಕು: ಮಿಡತೆ, ಕ್ರಿಕೆಟ್ ಹುಳು, ಡ್ಯೂಬಿಯಾ ಜಿರಳೆ. ಹುಳು ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಕೀಟಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಹಾಗೆಯೇ ತಿನ್ನಿಸಿದರೆ ಹಲ್ಲಿಯ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಂಡು, ದವಡೆ ಮೆತ್ತಗಾಗಿ, ಕಾಲುಗಳು ಬಾಗುತ್ತವೆ. ಅದಕ್ಕಾಗಿ ಹುಳುಗಳಿಗೆ ಒಂದು ದಿನ ಮೊದಲು ಕ್ಯಾರೆಟ್, ಸೊಪ್ಪು ತಿನ್ನಿಸಿ, ಕೊಡುವ ಮುನ್ನ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಬೇಕು. ಆ ಪುಡಿಯೂ ‘ಸಂಪೂರ್ಣ’ ಕಿಟ್ಟಿನಲ್ಲಿ ಇರಲಿಲ್ಲ. ಮರಿಗೆ ದಿನವೂ ಆಹಾರ ಬೇಕು, ಬೆಳೆದದ್ದಕ್ಕೆ ವಾರಕ್ಕೆ ಎರಡು ಮೂರು ಸಲ ಸಾಕು. ತಿನ್ನದೆ ಉಳಿದ ಕ್ರಿಕೆಟ್ ಹುಳುಗಳನ್ನು ಹೊರತೆಗೆಯಲೇಬೇಕು, ಅವು ರಾತ್ರಿ ಮಲಗಿದ ಹಲ್ಲಿಯನ್ನೇ ಕಚ್ಚುತ್ತವೆ. ತಿಂಗಳಿಗೊಮ್ಮೆ ಒಂದು ಪ್ರತ್ಯೇಕ ತಕ್ಕಡಿಯಲ್ಲಿ ತೂಗಿ ಬರೆದಿಡುತ್ತೇವೆ: ಬಂದಾಗ 22 ಗ್ರಾಂ, ಈಗ 58. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸರೀಸೃಪಗಳ ಕರುಳಿನಲ್ಲಿ ಸಹಜವಾಗಿರುವುದರಿಂದ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು, ಅದರ ಬಟ್ಟಲುಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯದಿರುವುದು ನಮ್ಮ ಮನೆಯ ನಿಯಮ.

ಹಾಸನದಿಂದ ಅಮ್ಮ ಬಂದು ಮೂರು ತಿಂಗಳಿದ್ದರು. ಮಾತಿನ ನಡುವೆ ಗೋಡೆಯ ಹಲ್ಲಿ ಲೊಚಗುಟ್ಟಿದರೆ “ಕೃಷ್ಣ ಕೃಷ್ಣ” ಎಂದು ನೆಲ ಕುಟ್ಟುವವರು, ಮೈಮೇಲೆ ಬಿದ್ದರೆ ಪಂಚಾಂಗದಲ್ಲಿ ಫಲ ನೋಡುವವರು. ಒಂದು ವಾರ ದೂರದಿಂದಲೇ ನೋಡಿದರು. ಆಮೇಲೊಂದು ಸಂಜೆ ಗಾಜಿನ ಹತ್ತಿರ ಕೂತವರು ನನ್ನನ್ನು ಕರೆದು, “ಇದು ಕಣ್ಣು ಮಿಟುಕಿಸುತ್ತೆ ಕಣೇ, ನಮ್ಮೂರ ಹಲ್ಲಿ ಮಿಟುಕಿಸಲ್ಲ” ಎಂದರು. ಅವರ ಮಾತು ನಿಜ. ನಮ್ಮ ಮನೆಗಳ ಹಲ್ಲಿಗೆ ಅಲುಗುವ ರೆಪ್ಪೆಯಿಲ್ಲ, ನಾಲಿಗೆಯಿಂದ ಕಣ್ಣು ನೆಕ್ಕಿ ಒರೆಸಿಕೊಳ್ಳುತ್ತದೆ. ಲೆಪರ್ಡ್ ಗೆಕ್ಕೋಗೆ ರೆಪ್ಪೆಯಿದೆ, ಆದರೆ ಗೋಡೆ ಹತ್ತುವ ಅಂಟುಬೆರಳು ಇಲ್ಲ. ಊರಿಗೆ ಹೊರಡುವ ಹೊತ್ತಿಗೆ ಅಮ್ಮನೇ ಇಕ್ಕುಳದಲ್ಲಿ ಮಿಡತೆ ಹಿಡಿದು ತಿನ್ನಿಸುತ್ತಿದ್ದರು.

ಊರಿನ ನೆಂಟರು ಇದನ್ನು ನೋಡಿ ತಾವೂ ಸಾಕಬಹುದೇ ಎಂದು ಕೇಳಿದ್ದುಂಟು. ಉಡ, ಊಸರವಳ್ಳಿಯಂಥ ನಮ್ಮ ನಾಡಿನ ಜೀವಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇಗ್ವಾನಾದಂಥ ವಿದೇಶಿ ಜೀವಿಗಳಿಗೂ 2022ರ ತಿದ್ದುಪಡಿಯ ನಂತರ ನೋಂದಣಿ ಬೇಕು. ಲೆಪರ್ಡ್ ಗೆಕ್ಕೋದ ಸಹಜ ನೆಲೆ ಭಾರತಕ್ಕೂ ಹಬ್ಬಿರುವುದರಿಂದ, ಅರಣ್ಯ ಇಲಾಖೆಯಿಂದ ಲಿಖಿತವಾಗಿ ತಿಳಿದುಕೊಳ್ಳದೆ ಬೆಂಗಳೂರಿನಲ್ಲಿ ಯಾರೋ ಮಾರುತ್ತಾರೆಂದು ಕೊಳ್ಳಬೇಡಿ ಎಂದೇ ಅವರಿಗೆ ಹೇಳಿದ್ದೇನೆ.

ಲೆಕ್ಕಕ್ಕೆ ಬರುತ್ತೇನೆ. ಕಿಟ್ಟಿನ ಮೇಲೆ ನಾವು ಮತ್ತೆ ಖರ್ಚು ಮಾಡಿದ್ದು ಥರ್ಮೋಸ್ಟ್ಯಾಟಿಗೆ 55 ಪೌಂಡ್, ಯುವಿಬಿ ದೀಪಕ್ಕೆ 45, ಗೂಡು, ಪಾಚಿ, ಪುಡಿಗಳಿಗೆ 30, ಮತ್ತು ಎಂಟು ತಿಂಗಳಲ್ಲಿ ಪೆಟ್ಟಿಗೆಯೇ ಚಿಕ್ಕದಾದ್ದರಿಂದ 90 ಸೆಂ.ಮೀ. ಉದ್ದದ ಮರದ ವಿವೇರಿಯಂಗೆ (ಹಲ್ಲಿ ಸಾಕುವ ಪೆಟ್ಟಿಗೆಗೆ) 95. ಮೊದಲೇ ಬಿಡಿಬಿಡಿಯಾಗಿ ಕೊಂಡಿದ್ದರೆ ಕಿಟ್ಟಿನ 135 ಪೌಂಡಿನಲ್ಲಿ ಹೆಚ್ಚಿನ ಪಾಲು ಉಳಿಯುತ್ತಿತ್ತು. ಐದಕ್ಕೆ ಎರಡು ಅಂಕ ಕೊಡುತ್ತೇನೆ, ಅದೂ ಗಾಜಿನ ಕೆಲಸದ ಗುಣಮಟ್ಟಕ್ಕೆ. ಈಗಾಗಲೇ ಕೊಂಡವರು ಇಂದೇ ಹೀಟ್ ಮ್ಯಾಟಿನ ಪ್ಲಗ್ ತೆಗೆದು, ಥರ್ಮೋಸ್ಟ್ಯಾಟ್ ತಂದು, ಶಾಖ ಅಳೆಯುವ ಅದರ ತಂತಿಯ ತುದಿಯನ್ನು (ಪ್ರೋಬ್) ಹಲ್ಲಿ ಮಲಗುವ ಜಾಗದಲ್ಲೇ ಇಟ್ಟು ಮತ್ತೆ ಚಾಲೂ ಮಾಡಬೇಕು. ನಮ್ಮಲ್ಲಿ ಆ ಕಿಟ್ಟಿನಿಂದ ಇಂದಿಗೂ ಹಲ್ಲಿಯ ಬಳಕೆಯಲ್ಲಿರುವುದು ನೀರಿನ ಬಟ್ಟಲು ಮತ್ತು ಕಲ್ಲಿನ ಗೂಡು. ಗಾಜಿನ ಪೆಟ್ಟಿಗೆಯಲ್ಲಿ ಮಿಡತೆಗಳನ್ನು ಇಟ್ಟಿದ್ದೇವೆ.