ಆನರ್ಸ್ ನಾಲ್ಕನೇ ವರ್ಷ, ಎಂ.ಕಾಂ, ಸಿಎ: ಮೂರರಲ್ಲೂ ಕೂತು ನೋಡಿದ ಮೇಲೆ

2023ರಲ್ಲಿ ಬಿ.ಕಾಂ ಸೇರಿದ ತಮ್ಮ ತಂಗಿಯರೇ, ಇದು ನಿಮಗೆ. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನಾಲ್ಕನೇ ವರ್ಷದ ಆನರ್ಸ್ ಓದಲು ಅವಕಾಶ ಇರುವ ಕೊನೆಯ ಬ್ಯಾಚ್ ನಿಮ್ಮದು. ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ 2021-22ರಲ್ಲಿ ನಾಲ್ಕು ವರ್ಷದ ಪದವಿ ಶುರುವಾಯಿತು. ಆಮೇಲೆ ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ಸರ್ಕಾರ ನೇಮಿಸಿದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಬಂತು. 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೇ ಮರಳಿತು. ನಡುವೆ ಸೇರಿದ ಮೂರು ಬ್ಯಾಚಿನವರಿಗೆ ಮಾತ್ರ, ಇಷ್ಟ ಇದ್ದರೆ ನಾಲ್ಕನೇ ವರ್ಷ ಓದಬಹುದು ಎಂದಿತು. ನಾನು 2022ರ ಬ್ಯಾಚ್. ಈಗ ಎಂಟನೇ ಸೆಮಿಸ್ಟರ್ ಮುಗಿಯುತ್ತಾ ಬಂದಿದೆ.

ಆರನೇ ಸೆಮಿಸ್ಟರ್ ಮುಗಿದಾಗ ಎಲ್ಲರೂ ಕೇಳುವ ಪ್ರಶ್ನೆ ನನಗೂ ಬಂತು. ಮುಂದೇನು? ಮೂರು ದಾರಿ ಇದ್ದವು. ಅದೇ ಕಾಲೇಜಿನಲ್ಲಿ ಆನರ್ಸ್. ಬೇರೆ ಕಡೆ ಎರಡು ವರ್ಷದ ಎಂ.ಕಾಂ. ಇಲ್ಲವೇ ಪಿಯುಸಿ ಆದಾಗಿನಿಂದ ಜೊತೆಗೆ ಓದುತ್ತಾ ಬಂದ ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆನ್ಸಿ. ಮೂರರ ರುಚಿಯೂ ನನಗೆ ಗೊತ್ತು. ಸಿಎಯ ಎರಡನೇ ಹಂತವಾದ ಇಂಟರ್‌ಮೀಡಿಯೇಟ್‌ನಲ್ಲಿ ಮೊದಲ ಗ್ರೂಪ್ ಪಾಸಾಗಿದೆ, ಎರಡನೇ ಗ್ರೂಪ್ ಬಾಕಿ ಇದೆ. ಒಂದು ಸ್ವಾಯತ್ತ ಕಾಲೇಜಿನಲ್ಲಿ ಎಂ.ಕಾಂ ಸೇರಿ ಕೆಲವು ವಾರ ಕ್ಲಾಸಿನಲ್ಲಿ ಕೂತೆ. ಅಲ್ಲಿಂದ ಬಿಟ್ಟು ಆನರ್ಸ್‌ಗೆ ಬಂದೆ. ಹಾಗಾಗಿ ಕೇಳಿದ ಮಾತು ಬಿಟ್ಟು, ಕಂಡದ್ದನ್ನು ಹೇಳುತ್ತೇನೆ.

ಮೊದಲು ಸಿಎ. ಇದನ್ನು ಆನರ್ಸ್ ಜೊತೆ ಹೋಲಿಸುವುದೇ ತಪ್ಪು, ಅದು ಬೇರೆ ಲೋಕ ಅಂತ ಕೆಲವರು ಹೇಳುತ್ತಾರೆ. ಆದರೆ ಕಾಮರ್ಸ್ ಓದುವವರ ಮನೆಗಳಲ್ಲಿ ಈ ಹೋಲಿಕೆ ದಿನಾ ನಡೆಯುತ್ತದೆ ಅಲ್ವಾ? 2023ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಇಂಟರ್‌ಮೀಡಿಯೇಟ್‌ಗೆ ಆರು ಪತ್ರಿಕೆ, ಮೂರು ಮೂರರಂತೆ ಎರಡು ಗ್ರೂಪ್. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40 ಬರಬೇಕು, ಗ್ರೂಪಿನ ಒಟ್ಟಿನಲ್ಲಿ ಶೇಕಡಾ 50 ಇರಬೇಕು. ಆರ್ಟಿಕಲ್‌ಶಿಪ್, ಅಂದರೆ ಸಿಎಗಳ ಕೈಕೆಳಗೆ ಮಾಡುವ ತರಬೇತಿ, ಈಗ ಮೂರು ವರ್ಷದ ಬದಲು ಎರಡು ವರ್ಷ. ಬಿ.ಕಾಂನಲ್ಲಿ ಶೇಕಡಾ 55 ಬಂದವರಿಗೆ ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಇಂಟರ್‌ಗೆ ನೋಂದಾಯಿಸಲೂ ಅವಕಾಶ ಇದೆ.

ಸಿಎ ಕಲಿಸುವುದು ಕರಾರುವಾಕ್ಕಾಗಿ ಯೋಚಿಸುವುದನ್ನು. ಒಂದು ಉದಾಹರಣೆ ಕೊಡುತ್ತೇನೆ, ಮುಂದೆಯೂ ಇದೇ ಬರುತ್ತದೆ. ಜಿಎಸ್‌ಟಿ ಕಾಯ್ದೆಯಲ್ಲಿ 'ಒಟ್ಟು ವಹಿವಾಟು' ಅಂತ ಒಂದು ಲೆಕ್ಕ ಇದೆ, ಸೆಕ್ಷನ್ 2(6). ಇದು ಒಂದು ಮಿತಿ ದಾಟಿದರೆ ವ್ಯಾಪಾರಿ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ತೆರಿಗೆ ಇರುವ ಸರಕು ಮಾತ್ರವಲ್ಲ, ತೆರಿಗೆ ವಿನಾಯಿತಿ ಇರುವ ಸರಕಿನ ಮಾರಾಟವೂ ಇದರಲ್ಲಿ ಸೇರುತ್ತದೆ. ಬಿ.ಕಾಂ ಕ್ಲಾಸಿನಲ್ಲಿ ಇದನ್ನು ಒಂದು ಸಾಲಿನ ವ್ಯಾಖ್ಯೆಯಾಗಿ ಬರೆದುಕೊಂಡಿದ್ದೆ. ಸಿಎಯಲ್ಲಿ ಅದು ಲೆಕ್ಕವಾಗಿ ಬಂತು. ಇಷ್ಟು ಲಕ್ಷದ ತೆರಿಗೆ ಸರಕು, ಇಷ್ಟು ಲಕ್ಷದ ವಿನಾಯಿತಿ ಸರಕು, ಬೇರೆ ರಾಜ್ಯದಲ್ಲಿ ಅದೇ ಪ್ಯಾನ್‌ನಲ್ಲಿ ಇನ್ನೊಂದು ಅಂಗಡಿ. ಈಗ ಹೇಳಿ, ನೋಂದಣಿ ಬೇಕೋ ಬೇಡವೋ? ಒಂದು ಪದ ಬಿಟ್ಟು ಓದಿದರೆ ಉತ್ತರ ತಲೆಕೆಳಗು. ಈ ಶಿಸ್ತು ಎಂ.ಕಾಂನಲ್ಲೂ ಸಿಗಲಿಲ್ಲ, ಆನರ್ಸ್‌ನಲ್ಲೂ ಸಿಗಲಿಲ್ಲ. ಇದನ್ನು ಖಚಿತವಾಗಿ ಹೇಳಬಲ್ಲೆ.

ಆದರೆ ಸಿಎ ಓದುವಾಗ ನೀವು ಒಬ್ಬಂಟಿ. ಆನ್‌ಲೈನ್ ಕ್ಲಾಸ್, ಮನೆ, ಲೈಬ್ರರಿ, ಅಷ್ಟೇ. ಪ್ರಶ್ನೆಗೆ ಉತ್ತರ ಹುಡುಕುವುದು ಕಲಿಯುತ್ತೀರಿ, ಪ್ರಶ್ನೆ ಹಾಕುವುದಕ್ಕೆ ಅಲ್ಲಿ ಪುರುಸೊತ್ತಿಲ್ಲ.

ಎಂ.ಕಾಂ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕಂದರೆ ನಾನು ಕಂಡದ್ದು ಮೊದಲ ಸೆಮಿಸ್ಟರಿನ ಶುರು ಮಾತ್ರ. ಕ್ಲಾಸ್ ತುಂಬಿತ್ತು. ಬೇರೆ ಬೇರೆ ಊರಿನ, ಬೇರೆ ಬೇರೆ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು. ಸೆಮಿನಾರ್ ಕೊಡುವ ಅಭ್ಯಾಸ ಚೆನ್ನಾಗಿತ್ತು. ಆದರೆ ಮ್ಯಾನೇಜ್‌ಮೆಂಟ್ ತತ್ವಗಳು, ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್ ಇವೆಲ್ಲ ಮತ್ತೆ ಮೊದಲಿಂದ ಬಂದವು. ಬಂಡವಾಳ ವೆಚ್ಚದ ಅದೇ ಸೂತ್ರ, ಅದೇ ಥರದ ಲೆಕ್ಕ. ಎಲ್ಲರನ್ನೂ ಒಂದೇ ಮಟ್ಟಕ್ಕೆ ತರಬೇಕಲ್ಲ, ಮೇಷ್ಟ್ರ ಕಷ್ಟವೂ ಅರ್ಥವಾಗುತ್ತದೆ. ಆದರೆ ಬಿ.ಕಾಂ ಶ್ರದ್ಧೆಯಿಂದ ಓದಿ ಬಂದವರಿಗೆ ಮೊದಲ ವರ್ಷ ನಿಧಾನ ಅನ್ನಿಸುತ್ತದೆ. ನನಗಂತೂ ಅನ್ನಿಸಿತು. ಬಿಟ್ಟು ಬರುವಾಗ ಟಿಸಿ, ಮೂಲ ಅಂಕಪಟ್ಟಿ ವಾಪಸ್ ಪಡೆಯಲು ಸಾಕಷ್ಟು ಓಡಾಡಬೇಕಾಯಿತು. ಎರಡು ಮನಸ್ಸಿನಲ್ಲಿರುವವರು ಮೂಲ ದಾಖಲೆ ಒಪ್ಪಿಸುವ ಮೊದಲು, ಬಿಟ್ಟರೆ ಯಾವಾಗ ವಾಪಸ್ ಕೊಡುತ್ತೀರಿ, ಫೀಸ್ ಎಷ್ಟು ಮರಳುತ್ತದೆ ಅಂತ ಕೇಳಿಕೊಳ್ಳಿ.

ಈಗ ಆನರ್ಸ್. ಇಲ್ಲಿ ಸ್ವಲ್ಪ ನಿಂತು ಹೇಳಬೇಕು.

ನಾಲ್ಕನೇ ವರ್ಷಕ್ಕೆ ಉಳಿದವರು ಕೆಲವೇ ಜನ. ಮೂರು ವರ್ಷ ಜೊತೆಗಿದ್ದವರಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋದರು, ಇಲ್ಲವೇ ಎಂ.ಕಾಂ, ಎಂಬಿಎ ಸೇರಿದರು. ಖಾಲಿ ಬೆಂಚು ನೋಡಿ ಮೊದಮೊದಲು ಬೇಜಾರಾಗುತ್ತಿತ್ತು. ಆದರೆ ಆ ಕಡಿಮೆ ಸಂಖ್ಯೆಯೇ ನಮಗೆ ಒಳ್ಳೆಯದಾಯಿತು. ಮೇಡಂ ಮೇಜಿನ ಸುತ್ತ ಕೂತು ಪಾಠ ನಡೆಯುತ್ತಿತ್ತು. ಬರೆದುಕೊಂಡು ಬಂದದ್ದನ್ನು ಅವರು ಅಲ್ಲೇ ಪೆನ್ಸಿಲ್ ಹಿಡಿದು ತಿದ್ದುತ್ತಿದ್ದರು. ಮೂರು ವರ್ಷದಲ್ಲಿ ಆಗದ್ದು ಇದು.

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಡಿಸೆಂಬರ್‌ನಲ್ಲಿ ತಂದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ (ಓದಿನ ಪ್ರಮಾಣದ ಅಳತೆ), ನಾಲ್ಕು ವರ್ಷಕ್ಕೆ 160. ಮೊದಲ ಆರು ಸೆಮಿಸ್ಟರಿನಲ್ಲಿ ಶೇಕಡಾ 75 ಬಂದವರು ಸಂಶೋಧನೆ ಸಹಿತ ಆನರ್ಸ್ ಓದಬಹುದು, ಅದರಲ್ಲಿ 12 ಕ್ರೆಡಿಟ್ ಪೂರ್ತಿ ಸಂಶೋಧನಾ ಪ್ರಾಜೆಕ್ಟ್‌ಗೆ. ಉಳಿದವರು ಅದರ ಬದಲು ಮೂರು ಪತ್ರಿಕೆ ಓದುತ್ತಾರೆ. ಈ ಎರಡರಲ್ಲಿ ಪ್ರಾಜೆಕ್ಟ್ ಸಿಗುವಂತಿದ್ದರೆ ಕಣ್ಣು ಮುಚ್ಚಿ ಅದನ್ನೇ ತೆಗೆದುಕೊಳ್ಳಿ. ಆನರ್ಸ್‌ನ ಜೀವ ಇರುವುದೇ ಅಲ್ಲಿ.

ನನ್ನ ವಿಷಯ ಸಿಕ್ಕಿದ್ದು ಪೇಪರ್ ಓದುತ್ತಾ. 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದದ್ದು ನೆನಪಿರಬಹುದು. ಯುಪಿಐ ಮೂಲಕ ಬಂದ ಹಣ ನೋಡಿ, ಸರಕಿಗಾದರೆ 40 ಲಕ್ಷ, ಸೇವೆಗಾದರೆ 20 ಲಕ್ಷದ ಮಿತಿ ದಾಟಿದ್ದೀರಿ, ನೋಂದಣಿ ಆಗಿಲ್ಲ ಎಂದು ಕೇಳಿದ್ದರು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು 'ನಗದು ಮಾತ್ರ' ಎಂದು ಬೋರ್ಡ್ ಹಾಕಿದರು. ಮೈಸೂರಿನಲ್ಲೂ ಅದರ ಭಯ ಇತ್ತು. ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಂದಣಿಯ ಬಗ್ಗೆ ನಿಜಕ್ಕೂ ಎಷ್ಟು ಗೊತ್ತು? ಅದನ್ನೇ ವಿಷಯ ಮಾಡಿಕೊಂಡು ದೇವರಾಜ ಮಾರುಕಟ್ಟೆಗೆ ಹೋದೆ.

ಮೊದಲ ಪ್ರಶ್ನಾವಳಿಯನ್ನು ಪುಸ್ತಕದಲ್ಲಿ ಇದ್ದ ಹಾಗೆ ಮಾಡಿದ್ದೆ. 'ಸಂಪೂರ್ಣ ಒಪ್ಪುತ್ತೇನೆ'ಯಿಂದ 'ಸ್ವಲ್ಪವೂ ಒಪ್ಪುವುದಿಲ್ಲ'ದವರೆಗೆ ಐದು ಮನೆ. ಕುಂಕುಮದ ಅಂಗಡಿಯ ಯಜಮಾನರೊಬ್ಬರು ಹಾಳೆ ತಿರುಗಿಸಿ ನೋಡಿ, "ಒಪ್ಪೋದು ಬಿಡೋದು ಆಮೇಲೆ ಕಣಮ್ಮಾ. ನೋಟಿಸ್ ಬಂದ್ರೆ ನಾನ್ ಏನ್ ಮಾಡ್ಬೇಕು, ಅದನ್ನ ಹೇಳು ಮೊದ್ಲು" ಅಂದರು. ಅವರ ಅಂಗಡಿಯನ್ನೇ ನೋಡಿ. ಕುಂಕುಮಕ್ಕೆ ಜಿಎಸ್‌ಟಿ ಇಲ್ಲ. ಪಕ್ಕದ ತಟ್ಟೆಯಲ್ಲಿರುವ ಊದುಬತ್ತಿಗೆ ಇದೆ. ಎರಡಕ್ಕೂ ಹಣ ಬರುವುದು ಒಂದೇ ಕ್ಯೂಆರ್ ಕೋಡ್‌ಗೆ. ಊರಲ್ಲಿರುವ ಮಗ ಕಳಿಸುವ ದುಡ್ಡು, ಚೀಟಿ ಎತ್ತಿದ ದುಡ್ಡು ಬರುವುದೂ ಅದಕ್ಕೇ. ಹಾಗಾದರೆ ಅವರ ಒಟ್ಟು ವಹಿವಾಟು ಎಷ್ಟು?

ಸಿಎ ಪುಸ್ತಕದಲ್ಲಿ ಆ ಅಂಕಿಗಳನ್ನು ಬಿಡಿಸಿ ಕೊಟ್ಟಿರುತ್ತಾರೆ. ಇಲ್ಲಿ ಬಿಡಿಸುವುದೇ ಕೆಲಸ. ಪಕ್ಕದಲ್ಲಿ ಬರೀ ಹೂವು ಮಾರುವವರು ವರ್ಷಕ್ಕೆ ಎಷ್ಟೇ ಮಾರಲಿ, ಪೂರ್ತಿ ವಿನಾಯಿತಿ ಸರಕಾದ್ದರಿಂದ ನೋಂದಣಿ ಬೇಕಿಲ್ಲ. ಆದರೆ ಕುಂಕುಮದ ಜೊತೆ ಊದುಬತ್ತಿಯನ್ನೂ ಮಾರುವವರಿಗೆ ಕುಂಕುಮದ ಮಾರಾಟವೂ 40 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ಸೆಕ್ಷನ್ 2(6) ನನಗೆ ನಿಜವಾಗಿ ಅರ್ಥವಾದದ್ದು ಆ ಎರಡು ತಟ್ಟೆಗಳ ಮುಂದೆ ನಿಂತಾಗ.

ಐದು ಮನೆಯ ಪ್ರಶ್ನೆಗಳನ್ನು ತೆಗೆದು ಹಾಕಿದೆವು. ಬದಲಿಗೆ ಸಣ್ಣ ಸಣ್ಣ ಸನ್ನಿವೇಶ ಬರೆದೆವು. 'ಒಬ್ಬರು ವರ್ಷಕ್ಕೆ 30 ಲಕ್ಷದ ಹಣ್ಣು, 12 ಲಕ್ಷದ ಬಿಸ್ಕತ್ತು ಮಾರುತ್ತಾರೆ. ನೋಂದಣಿ ಬೇಕಾ?' ಇಂಥವು. ಉತ್ತರಗಳು ಆಗ ಬರತೊಡಗಿದವು. ಇದರ ನಡುವೆ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳೇ ಬದಲಾದವು. ಹೆಚ್ಚಿನ ಸರಕುಗಳು ಶೇಕಡಾ 5 ಮತ್ತು 18ರ ಎರಡು ದರಕ್ಕೆ ಬಂದವು. ದರದ ಬಗ್ಗೆ ಇದ್ದ ಪ್ರಶ್ನೆಗಳನ್ನೆಲ್ಲ ಮತ್ತೆ ಬರೆಯಬೇಕಾಯಿತು. ಬಂದ ಉತ್ತರಗಳನ್ನು ಎಕ್ಸೆಲ್‌ಗೆ ತುಂಬಿ, ಕೈ-ಸ್ಕ್ವೇರ್ ಎಂಬ ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡಿ, ಫಲಿತಾಂಶ ಬರೆದಾಗ ಮೇಡಂ ಕೇಳಿದ್ದು ಒಂದೇ: "ಇದರಿಂದ ಹೀಗೆ ಅಂತ ನೀನು ಹೇಗೆ ಹೇಳ್ತೀಯ? ಮಾರುಕಟ್ಟೆಯ ಹೊರಗಿನ ಅಂಗಡಿ ಎಷ್ಟು ನೋಡಿದ್ದೀಯ?" ಆ ಅಧ್ಯಾಯವನ್ನು ಮತ್ತೆ ಬರೆದೆ. ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಬೇರೆಯವರ ಪಿಎಚ್‌ಡಿ ಪ್ರಬಂಧ ತೆರೆದು, ಅವರು ಸ್ಯಾಂಪಲ್ ಹೇಗೆ ಆರಿಸಿದ್ದಾರೆ ಅಂತ ನೋಡುವ ಅಭ್ಯಾಸ ಬಂದದ್ದು ಹೀಗೆ.

ಆನರ್ಸ್‌ನ ಕೊರತೆಯನ್ನೂ ಹೇಳಬೇಕು. ಕೆಲಸದ ಸಂದರ್ಶನದಲ್ಲಿ ಆ ಪದಕ್ಕೆ ಈಗ ಬೆಲೆ ಕಡಿಮೆ. ನಾನು ಹೋದ ಕಡೆ, ಬಿ.ಕಾಂ ಅಂದರೆ ಮೂರು ವರ್ಷ ಅಲ್ವಾ, ಇನ್ನೊಂದು ವರ್ಷ ಯಾಕೆ ಆಯಿತು ಎಂದೇ ಕೇಳಿದರು. ವಿವರಿಸಿದ ಮೇಲೆ ಪ್ರಾಜೆಕ್ಟ್ ಬಗ್ಗೆ ಆಸಕ್ತಿಯಿಂದ ಕೇಳಿದರು ಅನ್ನುವುದೂ ನಿಜ. ಬ್ಯಾಂಕ್ ಪರೀಕ್ಷೆಗೆ, ಕೆಪಿಎಸ್‌ಸಿಯ ಕೆಎಎಸ್ ಪರೀಕ್ಷೆಗೆ ಮೂರು ವರ್ಷದ ಪದವಿ ಸಾಕು. ಬರೀ ಅದಕ್ಕಾಗಿ ನಾಲ್ಕನೇ ವರ್ಷ ಓದುವುದು ಸುಮ್ನೆ ಒಂದು ವರ್ಷ ಕಳೆದ ಹಾಗೆ.

ಸಂಶೋಧನೆಯ ಕಡೆ ಹೋಗುವವರ ಲೆಕ್ಕ ಬೇರೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ಇದ್ದರೆ ಎಂ.ಕಾಂ ಇಲ್ಲದೆಯೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು. 2024ರಿಂದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್ ಅನ್ನೂ ಬರೆಯಬಹುದು. ಪರಿಶಿಷ್ಟ ಜಾತಿ, ಪಂಗಡ ಮತ್ತು ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ ಶೇಕಡಾ 5ರ ಸಡಿಲಿಕೆ ಇದೆ. ಆದರೆ ಇಲ್ಲೊಂದು ವಿಷಯ ಎಷ್ಟೋ ಜನಕ್ಕೆ ತಿಳಿದಿಲ್ಲ. ಆನರ್ಸ್ ಮೇಲೆ ಬರೆಯುವ ನೆಟ್, ಸಂಶೋಧನೆಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್‌ಗೆ ಮತ್ತು ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ. ಅದರಿಂದ ಸಹಾಯಕ ಪ್ರಾಧ್ಯಾಪಕರ ಅರ್ಹತೆ ಸಿಗುವುದಿಲ್ಲ. ಪಿಯು ಉಪನ್ಯಾಸಕರಾಗಲೂ, ಸಹಾಯಕ ಪ್ರಾಧ್ಯಾಪಕರ ಅರ್ಹತೆಗೆ ರಾಜ್ಯ ಮಟ್ಟದಲ್ಲಿ ನಡೆಯುವ ಕೆ-ಸೆಟ್ ಬರೆಯಲೂ ಸ್ನಾತಕೋತ್ತರ ಪದವಿ ಬೇಕು. ಪಾಠ ಮಾಡುವ ಆಸೆ ಇರುವವರು ಎಂ.ಕಾಂ ಬಿಡುವ ಹಾಗಿಲ್ಲ.

ಹಾಗಂತ ಆನರ್ಸ್ ಓದಿದರೆ ಅವರಿಗೆ ವರ್ಷ ನಷ್ಟ ಆಗಬೇಕಿಲ್ಲ. ಆನರ್ಸ್ ಮುಗಿಸಿದವರಿಗೆ ಒಂದು ವರ್ಷದ ಎಂ.ಕಾಂ ಕೊಡಲು ಯುಜಿಸಿ ಚೌಕಟ್ಟು ಅವಕಾಶ ಕೊಡುತ್ತದೆ. ಮೂರು ಮತ್ತು ಎರಡು ಸೇರಿದರೂ ಐದು, ನಾಲ್ಕು ಮತ್ತು ಒಂದು ಸೇರಿದರೂ ಐದು. ಆದರೆ ನಿಮಗೆ ಬೇಕಾದ ವಿಶ್ವವಿದ್ಯಾಲಯದಲ್ಲಿ ಆ ಒಂದು ವರ್ಷದ ಕೋರ್ಸ್ ನಡೆಯುತ್ತಿದೆಯೇ ಎಂದು ಮೊದಲೇ ವಿಚಾರಿಸಿ. ಅಲ್ಲಿ ಇಲ್ಲದಿದ್ದರೆ ಆರು ವರ್ಷ ಆಗುತ್ತದೆ. ಅದು ದೊಡ್ಡ ವ್ಯತ್ಯಾಸ, ಮನೆಯಲ್ಲಿ ದುಡಿಯುವವರು ಒಬ್ಬರೇ ಇದ್ದರಂತೂ ಇನ್ನೂ ದೊಡ್ಡದು.

ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ಸಿಎ ಇಂಟರ್ ಎರಡೂ ಗ್ರೂಪ್ ಆಗಿದ್ದರೆ ಆನರ್ಸ್ ಕಡೆ ನೋಡಬೇಡಿ, ಆರ್ಟಿಕಲ್‌ಶಿಪ್‌ಗೆ ಹೋಗಿ. ಒಂದು ಗ್ರೂಪ್ ಬಾಕಿ ಇದ್ದರೆ ಆನರ್ಸ್ ಜೊತೆ ಓದಬಹುದು, ಆದರೆ ಪ್ರಾಜೆಕ್ಟ್ ವರದಿ ಬರೆಯುವ ತಿಂಗಳುಗಳಲ್ಲಿ ಸಿಎ ಪುಸ್ತಕ ಮುಟ್ಟಲು ಆಗುವುದಿಲ್ಲ. ಜನವರಿಯ ಪರೀಕ್ಷೆಯನ್ನು ನಾನು ಅದಕ್ಕೇ ಬಿಟ್ಟೆ, ಎರಡನೇ ಗ್ರೂಪನ್ನು ಸೆಪ್ಟೆಂಬರ್‌ಗೆ ಇಟ್ಟುಕೊಂಡಿದ್ದೇನೆ. ಉಪನ್ಯಾಸಕರಾಗುವ ಗುರಿ ಗಟ್ಟಿಯಾಗಿದ್ದು, ಒಂದು ವರ್ಷದ ಎಂ.ಕಾಂ ಹತ್ತಿರ ಎಲ್ಲೂ ಇಲ್ಲದಿದ್ದರೆ ನೇರ ಎರಡು ವರ್ಷದ ಎಂ.ಕಾಂ ಸೇರಿ. ಶೇಕಡಾ 75 ಬಂದಿದ್ದು, ಅಂಕಿ ಅಂಶದ ಹಿಂದೆ ಏನಿದೆ ಅಂತ ತಿಳಿಯುವ ಹಂಬಲ ಇದ್ದರೆ ಮಾತ್ರ ಆನರ್ಸ್.

ಅರ್ಜಿ ಹಾಕುವ ಮುನ್ನ ಕಾಲೇಜು ಕಚೇರಿಗೆ ಹೋಗುವ ಬದಲು ವಿಭಾಗಕ್ಕೆ ಹೋಗಿ. ನಾಲ್ಕನೇ ವರ್ಷಕ್ಕೆ ಸಂಶೋಧನಾ ಪ್ರಾಜೆಕ್ಟ್ ಇದೆಯಾ, ಬರೀ ಪತ್ರಿಕೆಗಳಾ? ಮಾರ್ಗದರ್ಶನ ಯಾರು ಮಾಡುತ್ತಾರೆ, ಅವರ ಕೈಕೆಳಗೆ ಎಷ್ಟು ಜನ ಇರುತ್ತಾರೆ? ಹಿಂದಿನ ಬ್ಯಾಚಿನವರ ವರದಿ ಒಂದನ್ನು ನೋಡಲು ಕೊಡಿ ಅಂತಲೂ ಕೇಳಿ. ಕೊಟ್ಟರೆ ಅಲ್ಲೇ ಕೂತು ಪೂರ್ತಿ ಓದಿ.