ಸೆಂಟ್ರಲ್ ಮಾಡೆಲ್, ಕ್ಲೌಡ್, ಲಿಂಕ್ ಫೈಲು: ಮಲೆನಾಡಿನ ಆಫೀಸಿಗೆ ಯಾವುದು ಒಗ್ಗುತ್ತದೆ?

ತೀರ್ಥಹಳ್ಳಿ ಕಡೆ ಗುಡ್ಡದ ಇಳಿಜಾರಿನಲ್ಲಿ ಒಂದು ಹೋಂಸ್ಟೇ. ಒಂದು ಮುಖ್ಯ ಮನೆ, ಬೇರೆ ಬೇರೆ ಮಟ್ಟದಲ್ಲಿ ಕಾಟೇಜುಗಳು, ನಡುವೆ ತಡೆಗೋಡೆಗಳು. ಆರ್ಕಿಟೆಕ್ಚರ್ ಶಿವಮೊಗ್ಗದ ನಮ್ಮ ಆಫೀಸಿನದು, ಸ್ಟ್ರಕ್ಚರ್ ಬೆಂಗಳೂರಿನವರದು, ನೀರು-ಕರೆಂಟಿನ ಕೆಲಸ ಸಾಗರದಲ್ಲಿ ಮನೆಯಿಂದಲೇ ದುಡಿಯುವ ಗೆಳೆಯನದು. ರೆವಿಟ್ ಎಂಬ ಕಟ್ಟಡ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಮಾಡಿದ 3ಡಿ ಮಾಡೆಲ್ ಹಂಚಿಕೊಳ್ಳುವ ಮೂರು ದಾರಿಗಳನ್ನೂ ಈ ಒಂದೇ ಕೆಲಸದಲ್ಲಿ ಬಳಸಿ ನೋಡಿದೆವು.

ಮೊದಲನೆಯದು ಆಫೀಸಿನ ಸರ್ವರ್‌ನಲ್ಲಿ ಸೆಂಟ್ರಲ್ ಮಾಡೆಲ್, ಅಂದರೆ ಎಲ್ಲರಿಗೂ ಸೇರಿದ ಒಂದೇ ಮೂಲ ಫೈಲು. ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರಿನಲ್ಲಿ ಲೋಕಲ್ ಪ್ರತಿ ತೆರೆದು ಕೆಲಸ ಮಾಡಿ, ಆಗಾಗ ಸಿಂಕ್ ಮಾಡಿ ತಮ್ಮ ಬದಲಾವಣೆಯನ್ನು ಸೆಂಟ್ರಲ್‌ಗೆ ಸೇರಿಸುತ್ತಾರೆ. ಒಬ್ಬರು ಹಿಡಿದ ಗೋಡೆಯನ್ನು ಅವರು ಬಿಡುವ ತನಕ ಇನ್ನೊಬ್ಬರು ಬದಲಿಸಲು ಬರುವುದಿಲ್ಲ. ಒಂದೇ ಸೂರಿನಡಿ ಕೂತವರಿಗೆ ಇದಕ್ಕಿಂತ ಸಲೀಸಾದದ್ದು ಇಲ್ಲ. ಸೈಟು, ಚಾವಣಿ, ಒಂದೊಂದು ಕಾಟೇಜು ಎಂದು ಮಾಡೆಲನ್ನು ಗುಂಪು ಗುಂಪಾಗಿ (ವರ್ಕ್‌ಸೆಟ್) ಮಾಡಿಟ್ಟರೆ ಬೇಡದ್ದನ್ನು ಮುಚ್ಚಿಯೇ ಫೈಲ್ ತೆರೆಯಬಹುದು, ಹಳೆಯ ಕಂಪ್ಯೂಟರೂ ಏದುಸಿರು ಬಿಡುವುದಿಲ್ಲ.

ಆದರೆ ಆಫೀಸಿನ ನೆಟ್‌ವರ್ಕ್ ದಾಟಿದರೆ ಇದು ನಡೆಯುವುದಿಲ್ಲ. ‘ಗೂಗಲ್ ಡ್ರೈವಿಗೆ ಹಾಕಿದರಾಯ್ತಲ್ಲ’ ಎಂದು ತುಂಬಾ ಜನ ಕೇಳುತ್ತಾರೆ. ದಯವಿಟ್ಟು ಹಾಕಬೇಡಿ. ಇಂಥ ಫೋಲ್ಡರುಗಳಿಗೆ ಗೊತ್ತಿರುವುದು ಫೈಲ್ ನಕಲು ಮಾಡುವುದು ಮಾತ್ರ. ಯಾವ ಗೋಡೆ ಯಾರ ಕೈಯಲ್ಲಿದೆ ಎಂಬುದು ಅವಕ್ಕೆ ತಿಳಿಯದು. ಇಬ್ಬರು ಒಟ್ಟಿಗೆ ಸೇವ್ ಮಾಡಿದರೆ ಎರಡು ಸೆಂಟ್ರಲ್ ಹುಟ್ಟುತ್ತವೆ, ಅವನ್ನು ಮತ್ತೆ ಒಂದು ಮಾಡುವ ದಾರಿಯಿಲ್ಲ.

ಎರಡನೆಯ ದಾರಿ, ರೆವಿಟ್ ತಯಾರಿಸುವ ಆಟೋಡೆಸ್ಕ್‌ನ ಕ್ಲೌಡ್ ವರ್ಕ್‌ಶೇರಿಂಗ್, ಈ ಅಡ್ಡಿಯನ್ನು ನಿವಾರಿಸುತ್ತದೆ: ಸೆಂಟ್ರಲ್ ಇಂಟರ್ನೆಟ್ಟಿನಲ್ಲೇ ಇರುತ್ತದೆ. ಸಾಗರದವನೂ ನಾವೂ ಒಂದೇ ಮಾಡೆಲಿನಲ್ಲಿ ಇದ್ದೆವು. ನಮಗೆ ತೊಡಕಾದದ್ದು ಮಳೆಗಾಲ. ಆಷಾಢದಲ್ಲಿ ಮರ ಬಿದ್ದು ಕರೆಂಟು, ಇಂಟರ್ನೆಟ್ ಲೈನು ಎರಡೂ ಹೋದ ಮೇಲೆ ಕ್ಲೌಡ್ ಏನು ಮಾಡೀತು? ಆಗಲೇ ನಮ್ಮ ಹೆಸರಿನಲ್ಲಿರುವ ಎಲಿಮೆಂಟ್ (ಗೋಡೆ, ಬಾಗಿಲಿನಂಥ ಭಾಗ) ಬಿಟ್ಟು ಬೇರೆ ಯಾವುದನ್ನೂ ಮುಟ್ಟಲಾಗದು. ಜೊತೆಗೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಚಂದಾ. ಸಣ್ಣ ಆಫೀಸಿಗೆ ಅದು ಹಗುರದ ಖರ್ಚಲ್ಲ.

ನಾವು ಉಳಿಸಿಕೊಂಡದ್ದು ಮೂರನೆಯದು: ಆಫೀಸಿನೊಳಗೆ ಸೆಂಟ್ರಲ್, ಹೊರಗಿನವರ ಜೊತೆ ಲಿಂಕ್ ಫೈಲು. ಒಂದೊಂದು ವಿಭಾಗಕ್ಕೆ ಒಂದೊಂದು ಮಾಡೆಲ್, ಒಬ್ಬರ ಮಾಡೆಲನ್ನು ಇನ್ನೊಬ್ಬರು ತಮ್ಮದಕ್ಕೆ ಜೋಡಿಸಿಕೊಂಡು ನೋಡುವುದೇ ಲಿಂಕ್. ಲಿಂಕ್ ಮಾಡುವಾಗ ಎಲ್ಲರೂ ‘ಓವರ್‌ಲೇ’ ಎಂಬ ಆಯ್ಕೆಯನ್ನು ಆರಿಸಿಕೊಳ್ಳುತ್ತೇವೆ, ಇಲ್ಲವಾದರೆ ಅವರ ಫೈಲಿನೊಳಗಿನ ನಮ್ಮ ಫೈಲು ಮತ್ತೆ ನಮ್ಮಲ್ಲಿಗೇ ಬಂದು ಕೂರುತ್ತದೆ. ಗ್ರಿಡ್ (ಕಂಬಗಳ ಸಾಲಿನ ಗೆರೆ) ಮತ್ತು ಲೆವೆಲ್‌ಗೆ (ಮಹಡಿಯ ಎತ್ತರ) ಕಾಪಿ-ಮಾನಿಟರ್ ಎಂಬ ಕಾವಲು ಹಾಕಿದ್ದೇವೆ. ನಾವು ಲೆವೆಲ್ ಬದಲಿಸಿದರೆ ಹೊಸ ಲಿಂಕ್ ತೆರೆದಾಗ ಬೆಂಗಳೂರಿನವರಿಗೆ ಎಚ್ಚರಿಕೆ ಕಾಣುತ್ತದೆ. ರೆವಿಟ್ ವರ್ಷನ್ ಎಲ್ಲರದೂ ಒಂದೇ ಇರಲೇಬೇಕು, ಹೊಸದರಲ್ಲಿ ಸೇವ್ ಮಾಡಿದ್ದು ಹಳೆಯದರಲ್ಲಿ ತೆರೆಯುವುದಿಲ್ಲ. ಬೇರೆ ಸಾಫ್ಟ್‌ವೇರ್ ಬಳಸುವವರಿದ್ದರೆ ಎಲ್ಲಕ್ಕೂ ಹೊಂದುವ ಐಎಫ್‌ಸಿ ಎಂಬ ಫೈಲ್ ಮಾದರಿ ಇದೆ, ಆದರೆ ಅದನ್ನು ನೋಡಿ ತಾಳೆ ಹಾಕಲು ಬಳಸಿ, ತಿದ್ದಲು ಅಲ್ಲ.

ಈ ಪದ್ಧತಿಯ ಪ್ರಾಣ ಇರುವುದು ಕೋಆರ್ಡಿನೇಟ್‌ನಲ್ಲಿ, ಅಂದರೆ ಜಾಗವನ್ನು ಗುರುತಿಸುವ ಅಂಕಿಗಳಲ್ಲಿ. ನಮ್ಮ ಭಾಗದ ಸರ್ವೆ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ) 43ನೇ ವಲಯದಲ್ಲಿ ಬಂದರೆ ಉತ್ತರದ ಅಂಕಿ 15 ಲಕ್ಷ ಮೀಟರ್ ದಾಟಿರುತ್ತದೆ, ಏಕೆಂದರೆ ಎಣಿಕೆ ಶುರುವಾಗುವುದು ಭೂಮಧ್ಯರೇಖೆಯಿಂದ. ಕಟ್ಟಡವನ್ನು ರೆವಿಟ್‌ನ ಒಳಗಿನ ಮೂಲಬಿಂದುವಿನಿಂದ ಅಷ್ಟು ದೂರ ಬರೆದರೆ ಗೆರೆಗಳು ಒಡೆದಂತೆ ಕಾಣುತ್ತವೆ, ಅಳತೆಯ ನಿಖರತೆ ಕೆಡುತ್ತದೆ. ಆದ್ದರಿಂದ ಕಟ್ಟಡ ಮೂಲಬಿಂದುವಿನ ಹತ್ತಿರವೇ ಇರಲಿ. ಸೈಟ್ ಫೈಲಿನಿಂದ ಶೇರ್ಡ್ ಕೋಆರ್ಡಿನೇಟ್ (ಎಲ್ಲ ಫೈಲುಗಳಿಗೂ ಒಂದೇ ಆದ ಸ್ಥಾನದ ಅಂಕಿ) ಪಡೆದುಕೊಂಡು, ಎಲ್ಲರೂ ಅದರ ಆಧಾರದಲ್ಲೇ ಲಿಂಕ್ ಮಾಡಲಿ. ಒಬ್ಬರು ಲಿಂಕನ್ನು ಕೈಯಲ್ಲಿ ಎಳೆದು ಕೂರಿಸಿದರೂ ಇಳಿಜಾರಿನ ಜಾಗದಲ್ಲಿ ಮೆಟ್ಟಿಲು ಮಣ್ಣಿನೊಳಗೆ ಹೋಗುತ್ತದೆ.

ಇನ್ನೊಂದು ಜಟಿಲ ಪ್ರಶ್ನೆ, ಬಯಲುಸೀಮೆಯವರಿಗೆ ಅಷ್ಟಾಗಿ ಬರದೇ ಇರಬಹುದು: ತಡೆಗೋಡೆ ಯಾರ ಫೈಲಿನಲ್ಲಿರಬೇಕು? ಇಬ್ಬರೂ ಬರೆದರೆ ಕಾಂಕ್ರೀಟ್ ಲೆಕ್ಕ ಎರಡು ಪಟ್ಟು. ಯಾರೂ ಬರೆಯದಿದ್ದರೆ ಮಳೆನೀರು ಹೊರಹೋಗುವ ತೂತುಗಳ ಬಗ್ಗೆ ಕೇಳುವವರಿಲ್ಲ. ಮಲೆನಾಡಿನ ಮಳೆಗೆ ಗೋಡೆಯ ಹಿಂದೆ ನೀರು ನಿಂತರೆ ಗೋಡೆ ಉಳಿಯುವುದು ಕಷ್ಟ. ನಾವು ಹೀಗೆ ಹಂಚಿಕೊಂಡಿದ್ದೇವೆ: ಗೋಡೆ, ಪಾಯ, ತೂತು ಸ್ಟ್ರಕ್ಚರ್ ಮಾಡೆಲಿನಲ್ಲಿ, ಹೊರಮೈಯ ಜಂಬಿಟ್ಟಿಗೆ ಹೊದಿಕೆ ನಮ್ಮದರಲ್ಲಿ, ತೂತಿನಿಂದ ಬಂದ ನೀರನ್ನು ಒಯ್ಯುವ ಚರಂಡಿ ಸಾಗರದ ಗೆಳೆಯನ ಫೈಲಿನಲ್ಲಿ.