ಕೊಡಗಿನ ಸಿದ್ದಾಪುರ ಕಡೆಯ ಕಾಫಿ ತೋಟದ ಹೋಮ್‌ಸ್ಟೇ: ಊಟಕ್ಕೆ ಐದು ಸ್ಟಾರ್, ಒಟ್ಟಾರೆ ಮೂರು

ಜನವರಿಯಲ್ಲಿ ಎರಡು ರಾತ್ರಿ ಇದ್ದೆವು. ಒಬ್ಬರನ್ನೇ ದೂರುವ ಮನಸ್ಸಿಲ್ಲ, ಹಾಗಾಗಿ ಹೆಸರು ಹಾಕುತ್ತಿಲ್ಲ. ರೂಮು ಚೊಕ್ಕ, ಬಿಸಿನೀರು ಯಾವಾಗಲೂ ಇತ್ತು. ಕಡಂಬುಟ್ಟು (ಅಕ್ಕಿ ತರಿಯ ಕಡುಬು), ಪಂದಿಕರಿ (ಹಂದಿ ಮಾಂಸದ ಸಾರು) ಅಂತೂ ಮರೆಯೋ ಹಾಗಿಲ್ಲ. ಅದಕ್ಕೆ ಹಾಕುವ ಕಾಚಂಪುಳಿಯ ಹುಳಿ ಹದವಾಗಿ ಹಿಡಿದಿತ್ತು.

ಪ್ಯಾಕೇಜಿನಲ್ಲಿ ತೋಟ ಸುತ್ತಿಸುವುದೂ ಇದೆ. ರೊಬಸ್ಟಾ ಕಾಫಿ ಕೊಯ್ಲಿನ ಕಾಲ. ಸಂಜೆ ತೂಕದ ಹೊತ್ತಿಗೆ ಕರೆದುಕೊಂಡು ಹೋದರು. ಕುಯ್ಯುವವರು ಬಹುತೇಕ ಅಸ್ಸಾಂನವರು, ಕೂಲಿ ಕೆಜಿ ಲೆಕ್ಕ. ಒಬ್ಬ ಹೆಂಗಸು ಹಣ್ಣನ್ನು ಟಾರ್ಪಾಲಿನ ಮೇಲೆ ಸುರಿದು ಎಲೆ, ಕಡ್ಡಿ ಆರಿಸುತ್ತಿದ್ದರು. ಬೆರಳ ತುದಿಯೆಲ್ಲ ಕಪ್ಪು. ತೂಕ ಆಯಿತು, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕದಲ್ಲಿ ಬರೆದುಕೊಂಡರು, ಆಕೆ ಬಗ್ಗಿ ನೋಡಿ ಸುಮ್ಮನಾದರು. ಎಷ್ಟು ಅಂತ ಕೇಳೋಕೂ ಭಾಷೆ ಬರಬೇಕಲ್ಲ, ಅದಕ್ಕೆ ಮೇಸ್ತ್ರಿಯೇ ಬೇಕು, ಆ ಮೇಸ್ತ್ರಿಯೇ ಅವರನ್ನು ಕರೆತಂದವನು, ಮುಂಗಡ ಕೊಟ್ಟವನೂ ಅವನೇ. ಅಂಥ ಹೊತ್ತಲ್ಲಿ ಗೈಡ್ ನಮಗೆ 'ಇಲ್ಲಿ ನಿಂತು ಫೋಟೋ ತೆಗೆಸ್ಕೊಳ್ಳಿ' ಅಂದ. ನನಗೆ ಆಗಲಿಲ್ಲ.

ಮರುದಿನ ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಕೂಲಿಯವರಿರುವ ಲೈನ್ ಮನೆ ಹತ್ತಿರ ಏಳೆಂಟು ವರ್ಷದ ಹುಡುಗಿ ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡು ನಿಂತಿದ್ದಳು. ಕೊಯ್ಲು ಮುಗಿದರೆ ಇವರು ಬೇರೆ ತೋಟಕ್ಕೆ ಹೊರಡುತ್ತಾರೆ, ಶಾಲೆಗೆ ಸೇರುವುದು ಯಾವಾಗ? 50 ಹೆಣ್ಣಾಳುಗಳಿದ್ದರೆ ಕೂಸಿನ ಮನೆ ಇರಬೇಕು ಅಂತ 1951ರ ಪ್ಲಾಂಟೇಷನ್ ಕಾಯ್ದೆಯಲ್ಲೇ ಬರೆದಿತ್ತು. ಇಲ್ಲಿ ಅಷ್ಟು ಜನ ಇಲ್ಲ.

ಮಾಲೀಕರು ಕೆಟ್ಟವರಲ್ಲ, ಕೇಳಿದ್ದಕ್ಕೆಲ್ಲ ನೇರ ಉತ್ತರ ಕೊಟ್ಟರು. 'ನಮ್ಮ ಲೈನಿನ ಯರವರು (ಇಲ್ಲಿನ ಬುಡಕಟ್ಟಿನವರು) ವಾರಕ್ಕೆ ಎರಡು ದಿನ ಬರಲ್ಲ, ಈ ಅಸ್ಸಾಂನವರು ಭಾನುವಾರನೂ ಕುಯ್ತಾರೆ' ಎಂದರು. ಆಳು ಸಿಗದ ಕಷ್ಟ ನಿಜ, ನಮ್ಮ ಮನೆಯಲ್ಲೂ ತೋಟ ಇದೆ. ಆದರೆ ತಲೆಮಾರುಗಳಿಂದ ಇಲ್ಲೇ ದುಡಿದ ಯರವರು ಈಗ ಕೂಲಿ ಜಾಸ್ತಿ ಕೇಳುವ ಹಾಗೇ ಇಲ್ಲ, ಕೇಳಿದರೆ ಇನ್ನೊಂದು ತಂಡ ರೈಲು ಹತ್ತುತ್ತದೆ. ಇಬ್ಬರೂ ಬಡವರೇ, ಸಿಟ್ಟು ಮಾತ್ರ ಒಬ್ಬರ ಮೇಲೊಬ್ಬರಿಗೆ. ಇನ್ನು ನಮ್ಮ ಜೀಪ್ ಡ್ರೈವರ್, ಅಸ್ಸಾಂನವರ ಕೈಯಲ್ಲಿ ಆಧಾರ್ ಇದ್ದರೂ ಎಲ್ಲರನ್ನೂ ಸುಮ್ನೆ 'ಬಾಂಗ್ಲಾದವರು' ಅಂದುಬಿಟ್ಟ. ಬೇಜಾರಾಯಿತು.

ಹೋಗುವವರು ಕೊಯ್ಲಿನಲ್ಲೇ ಹೋಗಿ. ಬುಕ್ ಮಾಡುವಾಗಲೇ ಕೆಜಿಗೆ ಎಷ್ಟು ಕೊಡುತ್ತೀರಿ, ಮಕ್ಕಳು ಹಗಲು ಎಲ್ಲಿರುತ್ತಾರೆ ಅಂತ ಕೇಳಿ. ನಾನು ಕೇಳಿದ್ದು ಹೊರಡುವ ದಿನ. ಮಕ್ಕಳ ವಿಷಯ ಅಂಗನವಾಡಿ ಟೀಚರ್ ಹತ್ತಿರ ಮಾತಾಡುತ್ತೇನೆ ಅಂತ ಮಾಲೀಕರು ಅಂದಿದ್ದಾರೆ. ಮುಂದಿನ ಕೊಯ್ಲಿಗೆ ಮೊದಲು ಫೋನ್ ಮಾಡಿ ವಿಚಾರಿಸುತ್ತೇನೆ.